ನಲ್ಲಿ ದಿನವೂ ಬಾರದ ಊರಿನಲ್ಲಿ ಹನಿ ನೀರಾವರಿ ಕಿಟ್: ಒಂದು ಬೇಸಿಗೆಯ ಬಳಕೆಯ ನಂತರ

ಮನೆಯಂಗಳದ ತರಕಾರಿ ಗಿಡಗಳಿಗೆಂದು ಮಾರುವ ಹನಿ ನೀರಾವರಿ ಕಿಟ್ಟುಗಳು ಈಗ ಹತ್ತಾರು ಹೆಸರುಗಳಲ್ಲಿ ಬರುತ್ತಿವೆ. ಪೆಟ್ಟಿಗೆಯ ಮೇಲಿನ ಚಿತ್ರ ಬೇರೆಯಾದರೂ ಒಳಗಿನ ಸಾಮಗ್ರಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ತಯಾರಕರ ಹೆಸರನ್ನು ಇಲ್ಲಿ ಎತ್ತುವ ಅಗತ್ಯ ಕಾಣುವುದಿಲ್ಲ. ನಾನು ಕೊಂಡದ್ದು ಐವತ್ತು ಗಿಡಗಳ ಕಿಟ್. ಬೆಲೆ ಒಂದೂವರೆ ಸಾವಿರ ರೂಪಾಯಿಗೆ ತುಸು ಕಡಿಮೆ. ಶಿವರಾತ್ರಿಯ ಹೊತ್ತಿನಿಂದ ಮುಂಗಾರಿನ ಮೊದಲ ಹದಮಳೆಯವರೆಗೆ, ಚಿತ್ರದುರ್ಗದ ನಮ್ಮ ಮನೆಯ ಹಿಂದಿನ ಕೆಂಪು ಮಣ್ಣಿನ ಮಡಿಗಳಲ್ಲಿ ಮತ್ತು ತಾರಸಿಯ ಕುಂಡಗಳಲ್ಲಿ ಬಳಸಿ ನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಟ್ಟ ಹಣಕ್ಕೆ ಸಾಮಗ್ರಿಯಲ್ಲಿ ಮೋಸವಿಲ್ಲ, ಆದರೆ ಇದನ್ನು ರೂಪಿಸಿದವರ ಕಣ್ಣಮುಂದೆ ಇದ್ದದ್ದು ತಿರುಗಿಸಿದೊಡನೆ ರಭಸದಿಂದ ಸುರಿಯುವ ನಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಅಂಥ ನಲ್ಲಿ ಇಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿರುವ ಸೂಚನೆಯಂತೆ ಜೋಡಿಸಿದರೆ ಇದು ಅರ್ಧ ಕೆಲಸ ಮಾತ್ರ ಮಾಡುತ್ತದೆ. ಉಳಿದರ್ಧವನ್ನು ಕೊಂಡವರೇ ಹೊಂದಿಸಿಕೊಳ್ಳಬೇಕು.

ಪೆಟ್ಟಿಗೆಯಲ್ಲಿ ಗಿಡಗಳ ಸಾಲಿನುದ್ದಕ್ಕೂ ನೀರೊಯ್ಯುವ 16 ಮಿಲಿಮೀಟರಿನ ಕಪ್ಪು ಲ್ಯಾಟರಲ್ ಪೈಪು, ಅದರಿಂದ ಗಿಡದ ಬುಡಕ್ಕೆ ಎಳೆಯುವ 4 ಮಿಲಿಮೀಟರಿನ ಮೈಕ್ರೋ ಟ್ಯೂಬು, ನೀರನ್ನು ಹನಿಹನಿಯಾಗಿ ಬಿಡುವ, ಗಂಟೆಗೆ 4 ಲೀಟರ್ ಎಂದು ನಮೂದಿಸಿರುವ ಡ್ರಿಪ್ಪರುಗಳು, ಕೆಂಪು ಟೋಪಿಯನ್ನು ತಿರುಗಿಸಿ ನೀರನ್ನು ಹೆಚ್ಚು ಕಡಿಮೆ ಮಾಡಬಹುದಾದ ಇನ್ನೊಂದು ಬಗೆಯ ಕೆಲವು ಡ್ರಿಪ್ಪರುಗಳು, ಟೀ ಮತ್ತು ಎಲ್ಬೋ ಜೋಡಣೆಗಳು, ಎಂಡ್ ಕ್ಯಾಪುಗಳು, ತೂತು ಹೊಡೆಯುವ ಪಂಚ್, ಒಂದು ಸಣ್ಣ ಜಾಲರಿ ಫಿಲ್ಟರ್ ಹಾಗೂ ನಲ್ಲಿಗೆ ಸಿಕ್ಕಿಸುವ ಅಡಾಪ್ಟರ್ ಇವೆ. ಜೋಡಣೆಗೆ ಪ್ಲಂಬರ್ ಬೇಡ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಕ್ಷಣಕಾಲ ಅದ್ದಿದರೆ ಮೆತ್ತಗಾಗಿ ಟೀಗೆ ಸರಾಗವಾಗಿ ಕೂರುತ್ತದೆ. ಸೂಚನಾಪತ್ರದಲ್ಲಿ ಕನ್ನಡ ಇಲ್ಲ. ಇರುವ ಚಿತ್ರಗಳಲ್ಲಿ ಎಲ್ಲ ಪೈಪುಗಳೂ ಹಸಿರು ಹುಲ್ಲುಹಾಸಿನ ಅಂಚಿನ ಒಂದು ಹಿತ್ತಾಳೆಯ ನಲ್ಲಿಯಿಂದಲೇ ಹೊರಡುತ್ತವೆ.

ತೊಡಕು ಇರುವುದೂ ಅಲ್ಲಿಯೇ. ಚಿತ್ರದುರ್ಗಕ್ಕೆ ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ನೀರು ಬರುತ್ತದೆ; ದಾವಣಗೆರೆಗೆ ಬರುವ ನೀರು ಕುಂದವಾಡ ಕೆರೆಯಲ್ಲಿ, ಟಿ.ವಿ. ಸ್ಟೇಷನ್ ಕೆರೆಯಲ್ಲಿ ಸಂಗ್ರಹವಾಗಿ ಬಡಾವಣೆಗಳಿಗೆ ಹಂಚಿಕೆಯಾಗುತ್ತದೆ. ಎರಡೂ ಊರುಗಳಲ್ಲಿ ನೀರು ಬಿಡುವ ಸರದಿ ಬಂದಾಗ ಸಂಪು, ಡ್ರಮ್ಮು, ಕೊಡಗಳನ್ನು ತುಂಬಿಟ್ಟುಕೊಂಡು ಮುಂದಿನ ಸರದಿಯವರೆಗೆ ಸುಧಾರಿಸುವುದು ಮನೆಮನೆಯ ರೂಢಿ. ಕೈತೋಟಕ್ಕೆ ಸಿಗುವುದು ಹೀಗೆ ಹಿಡಿದಿಟ್ಟ ನೀರು, ಇಲ್ಲವೆ ಬೋರ್‌ವೆಲ್‌ನ ಗಡಸು ನೀರು. ಕಿಟ್ಟಿನ ಅಡಾಪ್ಟರನ್ನು ನಲ್ಲಿಗೆ ಸಿಕ್ಕಿಸಿ ಬೆಳಿಗ್ಗೆ ಸಂಜೆ ತಿರುಗಿಸುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲವಾದ್ದರಿಂದ, 200 ಲೀಟರಿನ ಡ್ರಮ್ಮೊಂದನ್ನು ಕಟ್ಟೆಯ ಮೇಲಿರಿಸಿ, ಅದರ ತಳದ ನಲ್ಲಿಯಿಂದ ಲ್ಯಾಟರಲ್ ಎಳೆಯುವುದು ನಮಗಿರುವ ದಾರಿ.

ಆಗ ಲೆಕ್ಕ ಬದಲಾಗುತ್ತದೆ. ಡ್ರಿಪ್ಪರಿನ ಮೇಲಿರುವ 4 ಲೀಟರ್ ಎಂಬ ಅಂಕಿ 1 ಬಾರ್ ಒತ್ತಡಕ್ಕೆ ಹೇಳಿದ್ದು. 1 ಬಾರ್ ಒತ್ತಡ ಬರಬೇಕಾದರೆ ನೀರು ಸುಮಾರು 10 ಮೀಟರ್ ಎತ್ತರದಲ್ಲಿ ನಿಂತಿರಬೇಕು, ಅಂದರೆ ಮೂರಂತಸ್ತಿನ ಕಟ್ಟಡದಷ್ಟು. ಮೂರಡಿ ಕಟ್ಟೆಯ ಮೇಲೆ ಮೂರಡಿ ಎತ್ತರದ ಡ್ರಮ್ಮು ಇಟ್ಟರೆ, ಅದು ತುಂಬಿದ್ದಾಗ ಸಿಗುವುದು ಹೆಚ್ಚೆಂದರೆ 0.18 ಬಾರ್, ತಳ ಕಾಣುವ ಹೊತ್ತಿಗೆ ಅದರ ಅರ್ಧ. ಒತ್ತಡ ಹತ್ತನೆಯ ಒಂದು ಪಾಲಾದರೆ ನೀರೂ ಹತ್ತನೆಯ ಒಂದು ಪಾಲಾಗುವುದಿಲ್ಲ ಎಂಬುದು ಸಮಾಧಾನದ ವಿಷಯ. ಸಾಮಾನ್ಯ ಡ್ರಿಪ್ಪರಿನಿಂದ ಹೊರಬರುವ ನೀರು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಹಾಗೆ ಲೆಕ್ಕ ಹಾಕಿದರೆ ಡ್ರಮ್ಮು ತುಂಬಿದ್ದಾಗ ಗಂಟೆಗೆ 1.7 ಲೀಟರ್, ಬರಿದಾಗುತ್ತ ಬಂದಾಗ 1.2 ಲೀಟರ್. ಡ್ರಿಪ್ಪರಿನ ಕೆಳಗೆ ಲೋಟವಿಟ್ಟು ಗಡಿಯಾರ ನೋಡಿ ಅಳೆದಾಗ ನನಗೆ ಸಿಕ್ಕಿದ್ದು ಇದಕ್ಕಿಂತಲೂ ತುಸು ಕಡಿಮೆ, ಏಕೆಂದರೆ ಫಿಲ್ಟರೂ ಜೋಡಣೆಗಳೂ ತಮ್ಮ ಪಾಲಿನ ಒತ್ತಡವನ್ನು ತಿಂದುಹಾಕುತ್ತವೆ. ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕಿನಿಂದ ಅಂಗಳಕ್ಕೆ ಎಳೆದರೆ 2.5 ಲೀಟರಿನ ಆಸುಪಾಸು ನಿರೀಕ್ಷಿಸಬಹುದು. ಈ ಲೆಕ್ಕವನ್ನು ಪೆಟ್ಟಿಗೆಯ ಒಂದು ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಮುದ್ರಿಸಿದ್ದರೆ, ಅರ್ಧ ಗಂಟೆ ಬಿಟ್ಟರೆ 2 ಲೀಟರ್ ಹೋಯಿತೆಂದು ನಂಬಿ ಗಿಡಗಳನ್ನು ಬಾಡಿಸಿಕೊಳ್ಳುವ ಗ್ರಾಹಕರ ಸಂಖ್ಯೆ ಕಡಿಮೆಯಾಗುತ್ತಿತ್ತು.

ಒತ್ತಡ ಇಷ್ಟು ಕಡಿಮೆ ಇರುವಾಗ ನೆಲದ ಏರುತಗ್ಗಿಗೂ ಬೆಲೆ ಬರುತ್ತದೆ. ಒಂದಡಿ ಇಳಿಜಾರು ಎಂದರೆ 0.03 ಬಾರ್, ನಗರದ ಪೈಪಿನ ಒತ್ತಡದ ಮುಂದೆ ಅದು ಏನೂ ಅಲ್ಲ, ಡ್ರಮ್ಮಿನ ಒತ್ತಡದ ಮುಂದೆ ಅದು ಆರನೆಯ ಒಂದು ಪಾಲು. ಆದ್ದರಿಂದ ಲ್ಯಾಟರಲ್ ಅನ್ನು ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ಎಳೆಯುವುದು ಒಳ್ಳೆಯದು. ಚಿತ್ರದುರ್ಗದ ಕೋಟೆಯ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ನೀರು ತಾನಾಗಿ ಇಳಿದುಬರುವಂತೆ ಕಟ್ಟಿಕೊಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಕಿಟ್ಟಿನ ಸೂಚನಾಪತ್ರ ಹೇಳದಿರುವುದರಿಂದ ಬರೆದಿದ್ದೇನೆ. ಕೆಂಪು ಟೋಪಿಯ ಡ್ರಿಪ್ಪರುಗಳನ್ನು ಡ್ರಮ್ಮಿನ ನೀರಿಗೆ ಬಳಸದಿರುವುದೇ ಲೇಸು: ಟೋಪಿಯನ್ನು ಸ್ವಲ್ಪ ಹೆಚ್ಚು ಸಡಿಲಿಸಿದರೂ ಸಾಲಿನ ಮೊದಲ ಮೂರು ನಾಲ್ಕು ಗಿಡಗಳೇ ಎಲ್ಲವನ್ನೂ ಕುಡಿದು ಕೊನೆಯ ಗಿಡಕ್ಕೆ ತೇವವೂ ತಲುಪುವುದಿಲ್ಲ. ಅಂಗಡಿಗಳಲ್ಲಿ ಹೆಚ್ಚು ಬೆಲೆಗೆ, ಹೆಚ್ಚಿನ ಗುಣಮಟ್ಟದ್ದೆಂದು ತೋರಿಸುವ ಪಿ.ಸಿ. ಡ್ರಿಪ್ಪರುಗಳೂ ಇಲ್ಲಿಗೆ ಸಲ್ಲುವುದಿಲ್ಲ. ಒತ್ತಡದ ಏರಿಳಿತವನ್ನು ಸರಿದೂಗಿಸಿ ಎಲ್ಲ ಗಿಡಗಳಿಗೂ ಒಂದೇ ಸಮ ನೀರು ಕೊಡುವ ಸಾಧನಗಳು ಅವು ಎಂಬುದು ನಿಜ, ಆದರೆ ಆ ಕೆಲಸ ಶುರುವಾಗಲು ಸಾಮಾನ್ಯವಾಗಿ ಅರ್ಧ ಬಾರಿನಷ್ಟಾದರೂ ಒತ್ತಡ ಬೇಕು.

ಟೈಮರಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕಿಟ್ಟಿನ ಜೊತೆಗೆ ಕೊಳ್ಳಬಹುದೆಂದು ತೋರಿಸುವ ಬ್ಯಾಟರಿ ಟೈಮರುಗಳಲ್ಲಿ ಎರಡು ಬಗೆ. ಒಂದರೊಳಗೆ ರಬ್ಬರ್ ಪೊರೆಯ ಡಯಾಫ್ರಾಮ್ ವಾಲ್ವ್ ಇರುತ್ತದೆ, ಇನ್ನೊಂದರಲ್ಲಿ ಸಣ್ಣ ಮೋಟಾರು ತಿರುಗಿಸುವ ಬಾಲ್ ವಾಲ್ವ್. ಡಯಾಫ್ರಾಮ್ ತೆರೆಯುವುದೂ ಮುಚ್ಚುವುದೂ ನೀರಿನ ಒತ್ತಡದ ಬಲದಿಂದಲೇ ಆದ್ದರಿಂದ ಡ್ರಮ್ಮಿಗೆ ಕಟ್ಟಿದಾಗ ಅದು ಟಿಕ್ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ, ಇಲ್ಲವೆ ಪೂರ್ತಿ ಮುಚ್ಚಿಕೊಳ್ಳದೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಬಾಲ್ ವಾಲ್ವಿನ ಟೈಮರಿಗೆ ಒತ್ತಡದ ಹಂಗಿಲ್ಲ. ಮಾರುವವರು ಈ ವ್ಯತ್ಯಾಸವನ್ನು ತಾವಾಗಿ ಹೇಳಲಿಲ್ಲ, ಕೇಳಿದಾಗಲೂ ಸ್ಪಷ್ಟ ಉತ್ತರ ಬರಲಿಲ್ಲ. ‘ಶೂನ್ಯ ಒತ್ತಡದಲ್ಲಿಯೂ ಕೆಲಸ ಮಾಡುತ್ತದೆ’ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿರುವುದನ್ನು ಮಾತ್ರ ಕೊಳ್ಳಬೇಕು. ಬೇಸಿಗೆ ರಜೆಯಲ್ಲಿ ಮದುವೆ, ಜಾತ್ರೆಯೆಂದು ಊರೂರು ತಿರುಗುವ ಮನೆಯವರಿಗೆ ಟೈಮರ್ ಬೇಕೇ ಬೇಕು; ಮನೆಯಲ್ಲಿಯೇ ಇರುವವರಿಗೆ ಡ್ರಮ್ಮಿನ ನಲ್ಲಿ ಸಾಕು.

ನೀರಿನ ಉಳಿತಾಯದ ವಿಷಯದಲ್ಲಿ ಕಿಟ್ ತನ್ನ ಮಾತನ್ನು ಉಳಿಸಿಕೊಂಡಿದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತುಂಬು ಹಸಿರಿನ ಮಡಿಯೊಂದರ ಪ್ರತಿ ಚದರ ಮೀಟರಿನಿಂದ ದಿನಕ್ಕೆ 6 ಲೀಟರಿನಷ್ಟು ನೀರು ಆವಿಯಾಗಬಲ್ಲದು. ರಾಜ್ಯದ ಕೃಷಿ ಹವಾಗುಣ ವಲಯಗಳ ಪಟ್ಟಿಯಲ್ಲಿ ಮಧ್ಯ ಒಣ ವಲಯಕ್ಕೆ ಸೇರಿದ ನಮ್ಮ ಜಿಲ್ಲೆಯಲ್ಲಿ ಇದು ಉತ್ಪ್ರೇಕ್ಷೆಯಲ್ಲ. ನಲವತ್ತು ಗಿಡಗಳಿಗೆ ತಲಾ ಒಂದೂವರೆ ಲೀಟರಿನಂತೆ ದಿನಕ್ಕೆ 60 ಲೀಟರ್ ಎಂದಿಟ್ಟುಕೊಂಡರೆ ಒಂದು ಡ್ರಮ್ಮು ಮೂರು ದಿನ ಬರುತ್ತದೆ. ಪೈಪು ಹಿಡಿದು ನೀರುಣಿಸುವಾಗ ಅದೇ ಡ್ರಮ್ಮು ಮಾರನೆಯ ದಿನಕ್ಕೆ ಖಾಲಿಯಾಗುತ್ತಿತ್ತು, ಮೇಲಾಗಿ ಗಿಡದ ಬುಡಕ್ಕಿಂತ ನಡುವಿನ ಗರಿಕೆಯೇ ಹೆಚ್ಚು ಸೊಂಪಾಗಿ ಬೆಳೆಯುತ್ತಿತ್ತು.

ಆದರೆ ಐವತ್ತು ಡ್ರಿಪ್ಪರೆಂದರೆ ಐವತ್ತು ಗಿಡ ಎಂಬ ಕಿಟ್ಟಿನ ಸಮೀಕರಣ ಎಲ್ಲ ಮಣ್ಣಿಗೂ ಹೊಂದುವುದಿಲ್ಲ. ದಾವಣಗೆರೆಯ ಕಡೆಯ ಎರೆಮಣ್ಣಿನಲ್ಲಿ ಹನಿ ಬಿದ್ದ ಜಾಗದಿಂದ ತೇವ ಅಗಲವಾಗಿ ಹರಡುತ್ತದೆ, ಒಂದು ಗಿಡಕ್ಕೆ ಒಂದು ಡ್ರಿಪ್ಪರ್ ಧಾರಾಳ. ನಮ್ಮ ಗರಸುಮಿಶ್ರಿತ ಕೆಂಪು ಮಣ್ಣಿನಲ್ಲಿ ನೀರು ಪಕ್ಕಕ್ಕೆ ಹರಡದೆ ನೆಟ್ಟಗೆ ಕೆಳಗಿಳಿಯುತ್ತದೆ. ಡ್ರಿಪ್ಪರಿನ ಸುತ್ತ ಮಣ್ಣನ್ನು ಕೈಯಿಂದ ಕೆದಕಿ ನೋಡಿದಾಗ ಮೇಲ್ಭಾಗದಲ್ಲಿ ಒಂದು ಗೇಣಿನಷ್ಟು ಅಗಲದ ತೇವ, ಅದರಾಚೆ ಬೂದಿಯಂತೆ ಉದುರುವ ಒಣಮಣ್ಣು, ಒಂದೂವರೆ ಅಡಿ ಆಳದಲ್ಲಿ ಮಾತ್ರ ಮತ್ತೆ ತೇವ. ಬದನೆಯ ಬೇರುಗಳು ಆ ಒಂದು ಗೇಣಿನೊಳಗೇ ಮುದುರಿಕೊಂಡಿದ್ದವು. ಇಂಥ ಮಣ್ಣಿನಲ್ಲಿ ಬದನೆ, ಟೊಮೆಟೊದಂಥ ಗಿಡಕ್ಕೆ ಎರಡು ಪಕ್ಕದಲ್ಲಿ ಎರಡು ಡ್ರಿಪ್ಪರ್ ಬೇಕು, ಒಂದೇ ಸಲ ಒಂದು ಗಂಟೆ ಬಿಡುವುದಕ್ಕಿಂತ ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಬಿಡುವುದು ಮೇಲು. ಅಲ್ಲಿಗೆ ಐವತ್ತು ಗಿಡಗಳ ಕಿಟ್ ಇಪ್ಪತ್ತೈದು ಗಿಡಗಳ ಕಿಟ್ ಆಗುತ್ತದೆ. ಎರೆಭೂಮಿಯವರಿಗೂ ಒಂದು ಎಚ್ಚರಿಕೆ ಉಂಟು: ಒಣಗಿ ಬಿರುಕು ಬಿಟ್ಟ ಎರೆಯ ಮೇಲೆ ಡ್ರಿಪ್ಪರ್ ಇಟ್ಟರೆ ನೀರೆಲ್ಲ ಬಿರುಕಿನಲ್ಲಿ ಇಳಿದು ಗಿಡಕ್ಕೆ ಸಿಗದೆ ಹೋಗುತ್ತದೆ, ಮೊದಲು ಒಮ್ಮೆ ಚೆನ್ನಾಗಿ ನೀರು ಕಟ್ಟಿ ಬಿರುಕು ಮುಚ್ಚಿದ ಮೇಲೆಯೇ ಹನಿ ಶುರುಮಾಡಬೇಕು.

ಹನಿಯ ಜೊತೆಗೆ ಮುಚ್ಚಿಗೆ ಇಲ್ಲದಿದ್ದರೆ ಈ ಬಿಸಿಲಿನಲ್ಲಿ ಅರ್ಧ ಲಾಭ ಕೈತಪ್ಪುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಕಡೆಯಿಂದ ಬರುವ ಶೇಂಗಾ ಸಿಪ್ಪೆ ಇಲ್ಲಿ ಅಗ್ಗದ ವಸ್ತು. ಮಡಿಯ ಮೇಲೆ ಎರಡು ಅಂಗುಲ ಹರಡಿದರೆ ಮಧ್ಯಾಹ್ನದಲ್ಲಿಯೂ ಕೆಳಗಿನ ಮಣ್ಣು ತಣ್ಣಗಿರುತ್ತದೆ. ಗೆದ್ದಲಿನ ಕಾಟವಿರುವಲ್ಲಿ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹರಡಬೇಕು. ಸಿಪ್ಪೆಯಲ್ಲಿ ಕಾಳು ಉಳಿದಿದ್ದರೆ ಇಲಿಗಳೂ ಬರುತ್ತವೆ. ದಾವಣಗೆರೆಯವರಿಗೆ ಭತ್ತದ ಹುಲ್ಲು, ಚನ್ನಗಿರಿಯವರಿಗೆ ಅಡಿಕೆ ಸಿಪ್ಪೆ ಸುಲಭ.

ಕಿಟ್ಟಿನ ಅತ್ಯಂತ ದುರ್ಬಲ ಭಾಗ ಫಿಲ್ಟರ್. ಒಳಗಿನ ಜಾಲರಿ ಬರಿಗಣ್ಣಿಗೇ ದೊರಗಾಗಿ ಕಾಣುತ್ತದೆ. ಅದರ ಮುಚ್ಚಳದ ರಬ್ಬರ್ ಬಳೆ ಬಿಸಿಲಿಗೆ ಗಟ್ಟಿಯಾಗಿ ಬೇಸಿಗೆ ಮುಗಿಯುವ ಮೊದಲೇ ಸೋರತೊಡಗಿತು. ರೈತರು ಬಳಸುವ 120 ಮೆಶ್ ಜಾಲರಿಯ ಫಿಲ್ಟರ್, ಅಂದರೆ ಸುಮಾರು 130 ಮೈಕ್ರಾನ್ ಕಿಂಡಿಯದು, ಹೆಚ್ಚಿನ ಬೆಲೆಯದೇನಲ್ಲ. ಅದನ್ನು ಹಾಕಿದ ಮೇಲೆ ಕಸದಿಂದ ಕಟ್ಟಿಕೊಳ್ಳುವುದು ನಿಂತಿತು. ಬೋರ್‌ವೆಲ್ ನೀರಿನ ಸುಣ್ಣ ಮಾತ್ರ ಯಾವ ಜಾಲರಿಗೂ ಸಿಗುವುದಿಲ್ಲ, ಏಕೆಂದರೆ ನೀರಿನಲ್ಲಿ ಕರಗಿರುವ ಅದು ಡ್ರಿಪ್ಪರಿನ ಬಾಯಲ್ಲಿ ನೀರು ಆವಿಯಾದಾಗಲೇ ಗಟ್ಟಿಯಾಗುತ್ತದೆ. ಡ್ರಿಪ್ಪರಿನ ತುದಿಯಲ್ಲಿ ಬಿಳಿಯ ಉಂಗುರ ಕಟ್ಟುತ್ತ ಹೋಗಿ ಹನಿಯ ಲಯ ನಿಧಾನವಾಗುತ್ತದೆ, ಕೊನೆಗೊಂದು ದಿನ ಆ ಗಿಡ ಮಾತ್ರ ತಲೆಬಾಗಿಸುತ್ತದೆ. ಬಿಚ್ಚಬಹುದಾದ ಡ್ರಿಪ್ಪರುಗಳನ್ನು ಅಡುಗೆಯ ನಿಂಬೆ ಉಪ್ಪಿನ ದ್ರಾವಣದಲ್ಲಿ ಅಥವಾ ವಿನೆಗರಿನಲ್ಲಿ ರಾತ್ರಿ ನೆನೆಹಾಕಿದರೆ ಸುಣ್ಣ ಕರಗುತ್ತದೆ. ಈ ಕಿಟ್ಟಿನ ಡ್ರಿಪ್ಪರುಗಳು ಬಿಚ್ಚಲು ಬರುತ್ತವೆ ಎಂಬುದು ಅದರ ಪರವಾಗಿ ಹೇಳಬಹುದಾದ ದೊಡ್ಡ ಮಾತು. ಪೈಪಿನೊಳಗೇ ಡ್ರಿಪ್ಪರ್ ಸೇರಿಸಿದ ಇನ್‌ಲೈನ್ ಕಿಟ್ಟುಗಳಲ್ಲಿ ಈ ಸೌಕರ್ಯವಿಲ್ಲ, ಕಟ್ಟಿಕೊಂಡರೆ ಆ ತುಂಡನ್ನೇ ಕತ್ತರಿಸಿ ಎಸೆಯಬೇಕು. ಡ್ರಮ್ಮು ಕಪ್ಪು ಅಥವಾ ಕಡುನೀಲಿ ಬಣ್ಣದ್ದಾಗಿರಲಿ. ಬೆಳಕು ಒಳಗೆ ಹೋಗುವ ಬಿಳಿ ಡ್ರಮ್ಮಿನಲ್ಲಿ ಪಾಚಿ ಬೆಳೆದು ಫಿಲ್ಟರನ್ನು ತುಂಬಿಕೊಳ್ಳುತ್ತದೆ. ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ಜೀವಾಮೃತವನ್ನು ಡ್ರಮ್ಮಿಗೆ ಸುರಿದು ಹನಿಯಲ್ಲಿಯೇ ಬಿಡುವ ಆಸೆ ಹಲವರಿಗಿದೆ. ಎರಡು ಮಡಿಕೆ ಬಟ್ಟೆಯಲ್ಲಿ ಸೋಸದೆ ಆ ಸಾಹಸಕ್ಕೆ ಇಳಿಯಬಾರದು, ಸೋಸಿದರೂ ನಂತರ ಬರೀ ನೀರು ಹರಿಸಿ ಪೈಪನ್ನು ತೊಳೆಯಬೇಕು.

ಬೆಳೆಯ ವಿಷಯಕ್ಕೆ ಬಂದರೆ, ಬದನೆ, ಮೆಣಸಿನಕಾಯಿ, ಗೋರಿಕಾಯಿ, ಬೆಂಡೆಗಳಿಗೆ ಈ ವ್ಯವಸ್ಥೆ ಚೆನ್ನಾಗಿ ಒಗ್ಗಿತು. ಹಳದಿ ನರ ನಂಜುರೋಗವನ್ನು ತಡೆಯಲೆಂದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಅನಾಮಿಕ ಬೆಂಡೆ ಮೇ ತಿಂಗಳ ಬಿಸಿಲಿನಲ್ಲಿಯೂ ಕಾಯಿ ಬಿಡುವುದನ್ನು ನಿಲ್ಲಿಸಲಿಲ್ಲ. ಸೌತೆಕಾಯಿ ಕಹಿಯಾಗಲಿಲ್ಲ, ನೀರು ಒಮ್ಮೆ ಹೆಚ್ಚು ಒಮ್ಮೆ ಇಲ್ಲ ಎನ್ನುವಂತಾದಾಗ ಬರುವ ಕಹಿಯನ್ನು ಹನಿಯ ಸಮನಾದ ತೇವ ತಡೆಯುತ್ತದೆ. ಟೊಮೆಟೊ ಹಣ್ಣಿನ ತಳ ಕಪ್ಪಾಗುವ ತೊಂದರೆಯೂ ಇದೇ ಕಾರಣಕ್ಕೆ ಕಾಣಿಸಲಿಲ್ಲ. ಆದರೆ ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದಾಗ ಟೊಮೆಟೊ ಹೂವಿನ ಪರಾಗವೇ ಕೆಡುವುದರಿಂದ ಬುಡದಲ್ಲಿ ಎಷ್ಟು ತೇವವಿದ್ದರೂ ಹೂ ಉದುರುತ್ತದೆ. ಅದನ್ನು ಕಿಟ್ಟಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. 50 ಶೇಕಡ ನೆರಳಿನ ಪರದೆ ಕಟ್ಟಿದ ಸಾಲಿನಲ್ಲಿ ಸ್ವಲ್ಪ ವಾಸಿ. ಚೆಲ್ಲಿ ಬಿತ್ತುವ ಮೆಂತ್ಯ, ಕೊತ್ತಂಬರಿ, ದಂಟಿನ ಸೊಪ್ಪಿನ ಮಡಿಗಳಿಗೆ ಈ ಕಿಟ್ಟಿನಿಂದ ಉಪಯೋಗವಿಲ್ಲ, ಅಲ್ಲಿಗೆ ಕೈಯ ಝಾರಿಯೇ ಸರಿ. ಇನ್ನೊಂದು ಸಂಗತಿ: ಹನಿಯಿಂದ ಎಲೆ ನೆನೆಯುವುದಿಲ್ಲವಾದ್ದರಿಂದ ಒಣಹವೆಯಲ್ಲಿ ಧೂಳೂ ಕೆಂಪು ನುಸಿಯೂ ಎಲೆಯಡಿ ನಿಶ್ಚಿಂತೆಯಿಂದ ನೆಲೆಸುತ್ತವೆ. ವಾರಕ್ಕೊಮ್ಮೆ ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ನೀರು ಎರಚುವುದನ್ನು ಬಿಡಬಾರದು. ತಳಿಗಳ ಆಯ್ಕೆಯ ಬಗ್ಗೆ ಸಂದೇಹವಿರುವವರು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರ ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವುದು ಅಂಗಡಿಯವರ ಮಾತು ಕೇಳುವುದಕ್ಕಿಂತ ಕ್ಷೇಮ.

ತಾರಸಿಯಲ್ಲಿ ಬಳಸುವವರು ತುಂಬಿದ ಡ್ರಮ್ಮಿನ ತೂಕ ಎರಡು ಕ್ವಿಂಟಲಿಗೂ ಹೆಚ್ಚೆಂಬುದನ್ನು ಮರೆಯದೆ, ಅದನ್ನು ಸ್ಲ್ಯಾಬಿನ ನಡುವೆ ಇಡದೆ ಕಂಬ ಅಥವಾ ತೊಲೆ ಇರುವ ಕಡೆ ಇಡಬೇಕು. ಕಪ್ಪು ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಕಾಯುವುದರಿಂದ ಸೂರ್ಯ ಏರುವ ಮೊದಲೇ ನೀರು ಬಿಟ್ಟು ಮುಗಿಸುವುದು ಒಳಿತು.

ಅಳಿಲುಗಳ ವಿಷಯ ಯಾವ ಸೂಚನಾಪತ್ರದಲ್ಲಿಯೂ ಇರುವುದಿಲ್ಲ. ಮೈಕ್ರೋ ಟ್ಯೂಬಿನೊಳಗೆ ನೀರಿದೆಯೆಂದು ಅವಕ್ಕೆ ಹೇಗೋ ತಿಳಿಯುತ್ತದೆ, ಕಚ್ಚಿ ಕುಡಿಯುತ್ತವೆ; ಕೋಟೆಯ ಕಡೆಯಿಂದ ಬರುವ ಮಂಗಗಳಾದರೆ ಡ್ರಿಪ್ಪರ್ ಸಮೇತ ಕಿತ್ತು ಕಾಂಪೌಂಡಿನ ಮೇಲೆ ಕುಳಿತು ಪರೀಕ್ಷಿಸುತ್ತವೆ. ಗೋಡೆಯ ಬಳಿ ಅಗಲವಾದ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟ ಮೇಲೆ ಅಳಿಲುಗಳ ಹಾವಳಿ ಬಹುಮಟ್ಟಿಗೆ ತಗ್ಗಿತು. ಮಂಗಗಳದ್ದು ತಗ್ಗಲಿಲ್ಲ.

ಹಾಳಾದ ಭಾಗಗಳನ್ನು ಬದಲಿಸುವಾಗ ತಿಳಿದುಬಂದ ಸಂಗತಿಯೊಂದು ಕೊಳ್ಳುವ ಮೊದಲೇ ಗೊತ್ತಿರಬೇಕಾದದ್ದು. ಹೊಸದುರ್ಗ, ಹಿರಿಯೂರು, ಚನ್ನಗಿರಿಗಳ ಅಡಿಕೆ, ತೆಂಗು, ದಾಳಿಂಬೆ ತೋಟಗಳಿಗೆ ಹನಿ ನೀರಾವರಿ ಬಂದು ಬಹುಕಾಲವಾಗಿದೆ. ಹಾಗಾಗಿ ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಾಗಲಿ ದಾವಣಗೆರೆಯ ಪಿ.ಬಿ. ರಸ್ತೆಯ ಆಸುಪಾಸಿನಲ್ಲಾಗಲಿ ಕೃಷಿ ಸಲಕರಣೆಯ ಅಂಗಡಿಗಳಲ್ಲಿ 16 ಮಿಲಿಮೀಟರಿನ ಲ್ಯಾಟರಲ್, ಡ್ರಿಪ್ಪರು, ಫಿಲ್ಟರು, ವಾಲ್ವುಗಳೆಲ್ಲ ಬಿಡಿಯಾಗಿ ಸಿಗುತ್ತವೆ. ಲ್ಯಾಟರಲ್ ಅನ್ನು ಮೀಟರಿನ ಲೆಕ್ಕದಲ್ಲಿ, ಡ್ರಿಪ್ಪರನ್ನು ಡಜನಿನ ಲೆಕ್ಕದಲ್ಲಿ ಕೊಂಡರೆ ಇಪ್ಪತ್ತೈದು ಗಿಡಗಳ ವ್ಯವಸ್ಥೆ ಕಿಟ್ಟಿಗಿಂತ ಕಡಿಮೆ ಹಣದಲ್ಲಿ, ಉತ್ತಮ ಫಿಲ್ಟರಿನೊಂದಿಗೆ ಮುಗಿಯುತ್ತದೆ. ಪೈಪಿನ ಮೈಮೇಲೆ ಲ್ಯಾಟರಲ್ ಪೈಪುಗಳ ಭಾರತೀಯ ಗುಣಮಟ್ಟವನ್ನು ಸೂಚಿಸುವ ಐ.ಎಸ್. 12786 ಎಂಬ ಗುರುತು ಇದೆಯೇ ಎಂದು ನೋಡಿಕೊಳ್ಳಬೇಕು; ನನ್ನ ಕಿಟ್ಟಿನ ಪೈಪಿನ ಮೇಲೆ ಅದು ಇರಲಿಲ್ಲ. ಕಿಟ್ ಕೊಳ್ಳುವುದು ಸಾರ್ಥಕವೆನಿಸುವುದು ಯಾವ ಭಾಗ ಎಷ್ಟು ಬೇಕೆಂಬ ಅಂದಾಜೇ ಇಲ್ಲದ, ಅಂಗಡಿಯಲ್ಲಿ ನಿಂತು ಒಂದೊಂದನ್ನೇ ಕೇಳುವ ತಾಳ್ಮೆಯಿಲ್ಲದ ಹೊಸಬರಿಗೆ. ಅವರೂ ಅದೇ ದಿನ ಒಂದು ಒಳ್ಳೆಯ ಫಿಲ್ಟರನ್ನು ಪ್ರತ್ಯೇಕವಾಗಿ ತರುವುದು ವಿಹಿತ.

ಮುಂಗಾರು ಹಿಡಿದ ಮೇಲೆ ಎಂಡ್ ಕ್ಯಾಪುಗಳನ್ನು ಬಿಚ್ಚಿ, ಡ್ರಮ್ಮಿನಲ್ಲಿ ಉಳಿದ ನೀರನ್ನು ಜೋರಾಗಿ ಹರಿಯಬಿಟ್ಟು, ಪೈಪುಗಳನ್ನು ಸುರುಳಿ ಸುತ್ತಿ ನೆರಳಿನಲ್ಲಿ ತೂಗುಹಾಕಿದ್ದೇನೆ. ಲ್ಯಾಟರಲ್ ಪೈಪಿಗೆ ಏನೂ ಆಗಿಲ್ಲ. ಮೈಕ್ರೋ ಟ್ಯೂಬು ಬಿಸಿಲಿಗೆ ಬಿಳಿಚಿಕೊಂಡು ಬಾಗಿಸಿದರೆ ಸೀಳುವ ಸ್ಥಿತಿಗೆ ಬಂದಿದೆ. ಮುಂದಿನ ಬೇಸಿಗೆಗೆ ಅದನ್ನು ಹೊಸದಾಗಿ ತರಬೇಕು, ಮೂರಡಿಯ ಕಟ್ಟೆಯ ಮೇಲೆ ಇನ್ನೆರಡು ವರಸೆ ಸಿಮೆಂಟ್ ಇಟ್ಟಿಗೆಯನ್ನು ಏರಿಸಬೇಕು.